ಇಳಿದದ್ದು ಕೊಬ್ಬೇ, ನೀರೇ?

ಮೊದಲನೆಯ ವಾರದಲ್ಲಿಯೇ ಮೂರು ಕಿಲೋಗ್ರಾಂ ತೂಕ ಇಳಿಯುವುದೆಂದು ಆಸೆ ತೋರಿಸುವ ಆಹಾರಕ್ರಮಗಳು ಇಂದು ಹಣಕ್ಕೆ ದೊರೆಯುತ್ತವೆ. ಅವುಗಳಲ್ಲಿ ಅನೇಕವು ವಿಧಿಸುವ ನಿಯಮ ಒಂದೇ: ಅನ್ನ, ರೊಟ್ಟಿ, ಆಲೂಗೆಡ್ಡೆ, ಸಕ್ಕರೆ ಮೊದಲಾದ ಶರ್ಕರಪಿಷ್ಟಗಳನ್ನು ತೀರ ಕಡಮೆ ಮಾಡಿ, ಕೊಬ್ಬು ಮತ್ತು ಪ್ರೋಟೀನುಗಳಿಂದ ಹಸಿವನ್ನು ತಣಿಸಬೇಕು. ಒಂದು ವಾರದ ಬಳಿಕ ತೂಕದ ಯಂತ್ರದ ಮುಳ್ಳು ನಿಜವಾಗಿಯೂ ಕೆಳಗಿಳಿದಿರುವುದುಂಟು. ಆದರೆ ಆ ಮುಳ್ಳು ಅಳೆದದ್ದೇನು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಪಥ್ಯ ಹೊಸದಲ್ಲ. ಲಂಡನ್ ನಗರದಲ್ಲಿ ಶವಸಂಸ್ಕಾರದ ಏರ್ಪಾಟುಗಳನ್ನು ನಡೆಸುತ್ತಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತನು ರೊಟ್ಟಿ, ಸಕ್ಕರೆ, ಬಿಯರ್, ಆಲೂಗೆಡ್ಡೆಗಳನ್ನು ತ್ಯಜಿಸಿ ತನ್ನ ಸ್ಥೂಲಕಾಯವನ್ನು ಇಳಿಸಿಕೊಂಡ ಬಗೆಯನ್ನು ೧೮೬೩ರಲ್ಲಿ ಕಿರುಹೊತ್ತಗೆಯಾಗಿ ಅಚ್ಚುಹಾಕಿಸಿದನು. ಅದರ ಮೊದಲ ಮುದ್ರಣವನ್ನು ಅವನು ಉಚಿತವಾಗಿಯೇ ಹಂಚಿದನು. ೧೯೭೨ರಲ್ಲಿ ನ್ಯೂಯಾರ್ಕಿನ ವೈದ್ಯನಾದ ರಾಬರ್ಟ್ ಆಟ್ಕಿನ್ಸ್ ಇಂಥದೇ ಕ್ರಮವನ್ನು ಪುಸ್ತಕದ ಮೂಲಕ ಪ್ರಚುರಪಡಿಸಿದನು. ಕಾಲಕ್ರಮದಲ್ಲಿ ಅವನ ಹೆಸರಿನ ಕಂಪೆನಿಯು ಈ ಪಥ್ಯಕ್ಕೆ ಹೊಂದುವ ತಿಂಡಿಗಳನ್ನೂ ಪಾನೀಯಗಳನ್ನೂ ಮಾರತೊಡಗಿತು. ಜನರ ಉತ್ಸಾಹ ಇಳಿದಾಗ, ೨೦೦೫ರಲ್ಲಿ, ಆ ಕಂಪೆನಿ ಸಾಲಗಾರರಿಂದ ರಕ್ಷಣೆ ಬೇಡಿ ನ್ಯಾಯಾಲಯದ ಮೊರೆಹೊಕ್ಕಿತು. ಅನಂತರ ಚೇತರಿಸಿಕೊಂಡು ವ್ಯಾಪಾರವನ್ನು ಮುಂದುವರಿಸಿತು. ಉಚಿತವಾಗಿ ಹಂಚಲ್ಪಟ್ಟ ಸಲಹೆ ಹೀಗೆ ಮಾರಾಟದ ಸರಕಾಯಿತು.

ಈಗ ಶಕ್ತಿನಿತ್ಯತ್ವದ ನಿಯಮವನ್ನು ನೆನೆದು ಒಂದು ಸರಳವಾದ ಲೆಕ್ಕ ಮಾಡೋಣ. ದಿನವೊಂದಕ್ಕೆ ೨೦೦೦ ಕಿಲೋಕ್ಯಾಲೊರಿ ಶಕ್ತಿಯನ್ನು ವ್ಯಯಿಸುವ ವ್ಯಕ್ತಿಯು ೧೫೦೦ ಕಿಲೋಕ್ಯಾಲೊರಿಯಷ್ಟು ಆಹಾರವನ್ನು ಮಾತ್ರ ಸೇವಿಸಿದನೆನ್ನೋಣ. ವಾರದ ಕೊರತೆ ೩೫೦೦ ಕಿಲೋಕ್ಯಾಲೊರಿ. ಮೈಯಲ್ಲಿ ಶೇಖರವಾದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು ೭೭೦೦ ಕಿಲೋಕ್ಯಾಲೊರಿ ಅಡಗಿರುವುದು. ಎಂದಮೇಲೆ ಕೊರತೆಯೆಲ್ಲವನ್ನೂ ಕೊಬ್ಬೇ ತುಂಬಿದರೂ ಕರಗುವುದು ಅರ್ಧ ಕಿಲೋಗ್ರಾಮಿಗಿಂತ ಕಡಮೆ. ಅಷ್ಟೇ ಶಕ್ತಿಯನ್ನು ವ್ಯಯಿಸುತ್ತ ಏಳು ದಿನವೂ ನಿರಾಹಾರವಾಗಿದ್ದರೂ ಎರಡು ಕಿಲೋಗ್ರಾಂ ಕೊಬ್ಬು ಕರಗಲಾರದು! ಹಾಗಾದರೆ ಮೂರು ಕಿಲೋಗ್ರಾಂ ಇಳಿಯುವುದು ಹೇಗೆ?

ಉತ್ತರ ಗ್ಲೈಕೊಜನ್ ಎಂಬ ಪದಾರ್ಥದಲ್ಲಿದೆ. ಉಂಡ ಶರ್ಕರಪಿಷ್ಟದ ಒಂದಂಶವನ್ನು ನಮ್ಮ ದೇಹವು ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜನ್ನಾಗಿ ಕೂಡಿಡುತ್ತದೆ. ವಯಸ್ಕರಲ್ಲಿ ಇದರ ಮೊತ್ತ ಸಾಮಾನ್ಯವಾಗಿ ೪೦೦ರಿಂದ ೫೦೦ ಗ್ರಾಂ. ಪ್ರತಿಯೊಂದು ಗ್ರಾಮಿನೊಡನೆ ಸುಮಾರು ೩ ಗ್ರಾಂ ನೀರು ಸೇರಿರುವುದು. ಶರ್ಕರಪಿಷ್ಟ ದೊರೆಯದಾದಾಗ ಈ ಸಂಗ್ರಹ ಬರಿದಾಗತೊಡಗುವುದು. ೪೦೦ ಗ್ರಾಂ ಗ್ಲೈಕೊಜನ್ ವ್ಯಯವಾದರೆ ಅದರೊಡನೆ ೧೨೦೦ ಗ್ರಾಂ ನೀರೂ ಹೊರಟುಹೋಗುವುದು, ಒಟ್ಟು ೧.೬ ಕಿಲೋಗ್ರಾಂ. ಇದಲ್ಲದೆ ಮೊದಲ ದಿನಗಳಲ್ಲಿ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಹೊರಹಾಕುವುವು. ಇನ್ನೊಂದು ಅಂಶವನ್ನು ಗಮನಿಸಿರಿ: ಆ ಗ್ಲೈಕೊಜನ್ ಒದಗಿಸಿದ ೧೬೦೦ ಕಿಲೋಕ್ಯಾಲೊರಿಯೂ ಅದೇ ಕೊರತೆಯನ್ನೇ ತುಂಬುವುದರಿಂದ ಕೊಬ್ಬಿನಿಂದ ಬರಬೇಕಾದದ್ದು ಉಳಿದ ೧೯೦೦ ಮಾತ್ರ. ಆಗ ಕರಗುವ ಕೊಬ್ಬು ಕಾಲು ಕಿಲೋಗ್ರಾಂ! ಮರಳಿ ಅನ್ನ ಉಂಡೊಡನೆ ಸಂಗ್ರಹ ತುಂಬಿ ನೀರು ಹಿಂದಿರುಗುವುದು. ಆಗ ತಪ್ಪೆಲ್ಲ ಉಂಡವನ ಮೇಲೆ, ಮೊದಲ ವಾರದ ಕೀರ್ತಿಯೆಲ್ಲ ಮಾರಿದವನಿಗೆ!

ದೀರ್ಘಕಾಲದ ಫಲವೇನು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ೬೦೯ ಮಂದಿ ವಯಸ್ಕರನ್ನು ಎರಡು ಗುಂಪುಗಳಾಗಿ ವಿಂಗಡಿಸಿದ್ದರು. ಒಂದು ಗುಂಪು ಕೊಬ್ಬನ್ನು ಕಡಮೆ ಮಾಡಿತು, ಇನ್ನೊಂದು ಶರ್ಕರಪಿಷ್ಟವನ್ನು. ಒಂದು ವರ್ಷದ ಕೊನೆಗೆ ಮೊದಲನೆಯವರು ಸರಾಸರಿ ೫.೩ ಕಿಲೋಗ್ರಾಂ, ಎರಡನೆಯವರು ೬.೦ ಕಿಲೋಗ್ರಾಂ ಇಳಿದಿದ್ದರು. ಇಷ್ಟು ಅಲ್ಪವಾದ ಅಂತರ ಕೇವಲ ಆಕಸ್ಮಿಕವಾಗಿಯೂ ಬರಬಹುದು. ಎರಡು ಗುಂಪುಗಳಲ್ಲಿಯೂ ಬಹಳವಾಗಿ ಇಳಿದವರಿದ್ದರು, ತೂಕ ಏರಿದವರೂ ಇದ್ದರು. ಎರಡು ಗುಂಪುಗಳಿಗೂ ಕೊಟ್ಟಿದ್ದ ಸಮಾನವಾದ ಸಲಹೆಯೆಂದರೆ ತರಕಾರಿಯನ್ನು ಹೆಚ್ಚಿಸಿ, ಸಕ್ಕರೆ, ಮೈದಾಗಳನ್ನು ಮಿತಗೊಳಿಸುವುದು. ಈ ಸಲಹೆಗೆ ಬೆಲೆ ತೆರಬೇಕಾಗಿಲ್ಲ.

ಶರ್ಕರಪಿಷ್ಟವನ್ನು ಮಿತಗೊಳಿಸುವುದು ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಕೆಲವರಿಗೆ ಅದು ಅನುಕೂಲವಾದ ಮಾರ್ಗವೇ ಸರಿ. ಮಧುಮೇಹಿಗಳ ರಕ್ತದ ಸಕ್ಕರೆಯೂ ಅದರಿಂದ ಇಳಿಯಬಹುದು. ಆದರೆ ಇನ್ಸುಲಿನ್ ಮೊದಲಾದ ಔಷಧಗಳನ್ನು ಸೇವಿಸುವವರು ವೈದ್ಯರನ್ನು ಕೇಳದೆ ಆಹಾರವನ್ನು ಥಟ್ಟನೆ ಬದಲಿಸಿದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಬೆಳೆಯುವ ವಯಸ್ಸಿನವರಂತೂ ಇಂಥ ಕಟ್ಟುನಿಟ್ಟುಗಳನ್ನು ತಾವಾಗಿಯೇ ಕೈಗೊಳ್ಳಬಾರದು.

ಪ್ರಯೋಗಶಾಲೆಯಲ್ಲಿ ಯಾವ ಅಳತೆಯನ್ನು ಕಂಡರೂ ನಾವು ಕೇಳುವ ಪ್ರಶ್ನೆಗಳು ಮೂರು: ಅಳೆದದ್ದು ಏನನ್ನು? ಎಷ್ಟು ಕಾಲ? ಯಾವುದರೊಡನೆ ಹೋಲಿಸಿ? ಪಥ್ಯವನ್ನು ಮಾರುವವರನ್ನೂ ಇವನ್ನೇ ಕೇಳಬೇಕು. ಒಂದು ವಾರದ ತೂಕವನ್ನಷ್ಟೆ ತೋರಿಸಿ ಸುಮ್ಮನಾಗುವವರಿಗೆ ಹಣ ಕೊಡುವ ಅಗತ್ಯವಿಲ್ಲ.