ಕಣ ಬರಿದಾದ ಮೇಲೆ ಸಂಭ್ರಮ: ಬೇಸಿಗೆಯ ಸಮಾರಂಭಗಳು ಮತ್ತು ನಮ್ಮ ತೋಟ

(ಸದಸ್ಯ ಶಿಕ್ಷಣ ಪಾಠ)



ಶಿವರಾತ್ರಿ ಕಳೆಯಿತೆಂದರೆ ನಮ್ಮ ಸಂಘದ ಕಚೇರಿಯ ಮೇಜಿನ ಮೇಲೆ ಲಗ್ನಪತ್ರಿಕೆಗಳ ರಾಶಿ ಬೀಳತೊಡಗುತ್ತದೆ. ಮದುವೆ, ಉಪನಯನ, ಗೃಹಪ್ರವೇಶ, ದೈವದ ನೇಮ, ಯಕ್ಷಗಾನ ಬಯಲಾಟ ಇವೆಲ್ಲವೂ ಮಳೆಗಾಲಕ್ಕೆ ಮೊದಲು ಮುಗಿಯಬೇಕು. ಹಿಂದೆ ಇವು ಮನೆಯ ಅಂಗಳದಲ್ಲಿ, ದೇವಸ್ಥಾನದ ಬಯಲಿನಲ್ಲಿ ನಡೆಯುತ್ತಿದ್ದವು. ಈಚಿನ ವರ್ಷಗಳಲ್ಲಿ ತೋಟದೊಳಗೇ, ಮರಗಳ ನಡುವೆಯೇ ಸಮಾರಂಭ ಮಾಡುವ ಆಸೆ ಹೆಚ್ಚಿದೆ. ಹೋಂಸ್ಟೇ ನಡೆಸುವ ಬೆಳೆಗಾರರಿಗಂತೂ ಪೇಟೆಯವರು ತಾವಾಗಿಯೇ ಬಂದು, ಅಡಿಕೆ ಮರಗಳ ಸಾಲಿನಲ್ಲಿ ಮಂಟಪ ಹಾಕಿಕೊಡಿ ಎಂದು ಕೇಳುವುದುಂಟು. ಬೆಲೆಯ ಏರಿಳಿತದಿಂದ ಬೇಸತ್ತವರಿಗೆ ಇದರಿಂದ ನಾಲ್ಕು ಕಾಸು ಬರುವುದಾದರೆ ಬೇಡವೆನ್ನಲು ನಾವು ಯಾರು? ಆದರೆ ಬೇಸಿಗೆಯಲ್ಲಿ ತೋಟದ ಸ್ಥಿತಿ ಏನು, ಅಲ್ಲಿ ಮುನ್ನೂರು ಜನ ಸೇರಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಮುಂದುವರಿಯುವುದು ಒಳ್ಳೆಯದು. ಅದೇ ಈ ಸಲದ ಪಾಠ.

1. ಜಕ್ಕಲಿಯ ಕಡೆಗೊಂದು ನೋಟ

ನಮ್ಮ ತೋಟಗಳಿಗೆ ಕೊಯ್ಲಿಗೆಂದು ಬಯಲುಸೀಮೆಯಿಂದ ಬರುವ ಕೆಲಸಗಾರರನ್ನು ಯುಗಾದಿಯ ಹೊತ್ತಿಗೆ ತಡೆದು ನಿಲ್ಲಿಸಲು ಯಾರಿಂದಲೂ ಆಗದು. ಊರಲ್ಲಿ ಜಾತ್ರೆ, ಮನೆಯಲ್ಲಿ ಮದುವೆ ಎಂದು ಗಂಟು ಕಟ್ಟಿ ಹೊರಟೇಬಿಡುತ್ತಾರೆ. ಬೇಸಿಗೆಯೇ ಅವರ ಸಂಭ್ರಮದ ಕಾಲವೇಕೆ ಎಂಬುದನ್ನು ಅರಿಯಲು ಗದಗ ಜಿಲ್ಲೆಯ ರೋಣ ಸೀಮೆಯ ಜಕ್ಕಲಿಯಂಥ ಊರನ್ನು ನೋಡಬೇಕು. ಕರ್ನಾಟಕ ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಊರು ಅದು. 1956ಕ್ಕೆ ಮೊದಲು ಜಕ್ಕಲಿ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಅಡಿಕೆ, ಕಾಫಿ ಸೀಮೆಗಳೋ ಮುಂಬಯಿ, ಮೈಸೂರು, ಮದ್ರಾಸು, ಕೊಡಗು ಎಂದು ನಾಲ್ಕು ರಾಜ್ಯಗಳಲ್ಲಿ ಹಂಚಿಹೋಗಿದ್ದವು. ಆಡಳಿತ ಬೇರೆಬೇರೆಯಾಗಿದ್ದಾಗಲೂ ಅಲ್ಲಿಯ ಮದುವೆಯ ವೀಳ್ಯಕ್ಕೆ ಮಲೆನಾಡಿನ ಅಡಿಕೆಯೇ ಬೇಕಿತ್ತು.

ಅದು ಎರೆಭೂಮಿ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ಹಿಂಗಾರಿನ ಜೋಳ, ಕಡಲೆ, ಕುಸುಬೆ, ಗೋಧಿಗಳು ಫೆಬ್ರವರಿ, ಮಾರ್ಚಿಯೊಳಗೆ ಕೊಯ್ಲಾಗಿ, ಒಕ್ಕಣೆ ಮುಗಿದು, ಕಾಳು ಮನೆ ಸೇರುತ್ತದೆ. ಆಮೇಲೆ ಹೊಲ ಬಿರುಕು ಬಿಟ್ಟು ಬರಿದಾಗಿ ಮಲಗುತ್ತದೆ. ಮುಂದಿನ ಬಿತ್ತನೆಯವರೆಗೆ ಅಲ್ಲಿ ಬೆಳೆಯಿಲ್ಲ, ಎತ್ತಿಗೂ ಆಳಿಗೂ ಕೊಂಚ ಬಿಡುವು. ಈ ಬಿಡುವಿನಲ್ಲಿಯೇ ಯುಗಾದಿ, ಬಸವ ಜಯಂತಿ, ತೇರು, ಮದುವೆ, ದೊಡ್ಡಾಟ, ನಾಟಕ ಎಲ್ಲವೂ ನಡೆಯುತ್ತವೆ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿದರೆ ಬೇಸಿಗೆಯ ಸಂಭ್ರಮ ಮುಗಿದು ಮುಂಗಾರಿನ ದುಡಿಮೆ ಮೊದಲಾಯಿತೆಂದೇ ಅರ್ಥ.

ಬಯಲುಸೀಮೆಯ ರೈತನಿಗೆ ಕಣ ಪವಿತ್ರ ಸ್ಥಳ. ನೆಲ ಕೆತ್ತಿ, ನೀರು ಹೊಯ್ದು, ತುಳಿಸಿ, ಸೆಗಣಿ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ನೆಡುವ ಕಂಬಕ್ಕೆ ಮೇಟಿ ಎಂದು ಹೆಸರು. ದೊಡ್ಡಮೇಟಿ ಎಂಬ ಮನೆತನದ ಹೆಸರಿನಲ್ಲಿಯೂ ಅದೇ ಶಬ್ದ ಕೇಳಿಸುತ್ತದೆ. ಒಕ್ಕುವ ಯಂತ್ರಗಳು ಬಂದ ಮೇಲೆ ಅಂಥ ಕಣಗಳು ಕಡಿಮೆಯಾಗಿವೆ. ಆದರೆ ಅದರ ಹಿಂದಿನ ಕ್ರಮ ಇಂದಿಗೂ ಗಟ್ಟಿಯಾಗಿದೆ: ರಾಶಿ ಮನೆ ಸೇರಿದ ಮೇಲೆಯೇ ಸಂಭ್ರಮ, ಅದೂ ಬರಿದಾದ ನೆಲದ ಮೇಲೆ. ಬೆಳೆ ನಿಂತ ಹೊಲದಲ್ಲಿ ಯಾರೂ ಹಂದರ ಹಾಕುವುದಿಲ್ಲ.

2. ತೋಟಕ್ಕೆ ಬೇಸಿಗೆಯಲ್ಲಿ ಬಿಡುವಿಲ್ಲ

ನಮ್ಮ ಸ್ಥಿತಿ ಇದಕ್ಕೆ ತೀರ ಬೇರೆ. ಹೊಲ ಮಲಗುವ ತಿಂಗಳುಗಳಲ್ಲಿಯೇ ತೋಟ ಮುಂದಿನ ಫಸಲಿಗೆ ಸಿದ್ಧವಾಗುತ್ತಿರುತ್ತದೆ.

ಕಾಫಿಯನ್ನು ನೋಡಿರಿ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಹೂಮಳೆಯ ಕಾಲ. ಮಳೆ ಬಾರದಿದ್ದರೆ ರೊಬಸ್ಟಾಕ್ಕೆ ನಾವೇ ತುಂತುರು ನೀರು ಕೊಡುತ್ತೇವೆ. ನೀರು ಬಿದ್ದ ಸುಮಾರು 7ರಿಂದ 10 ದಿನಗಳಲ್ಲಿ ಹೂ ಅರಳುತ್ತದೆ. ಅದಾಗಿ 15-20 ದಿನಗಳೊಳಗೆ ಎರಡನೆಯ ಮಳೆ, ಅಂದರೆ ಬ್ಯಾಕಿಂಗ್ ಮಳೆ, ಬೀಳದಿದ್ದರೆ ಕಾಯಿ ನಿಲ್ಲುವುದು ಕಷ್ಟ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಆ ಶಕ್ತಿ ಇಲ್ಲ. ಬೇರೆ ಗಿಡದ ಪರಾಗವನ್ನು ಗಾಳಿ ಮತ್ತು ಜೇನ್ನೊಣಗಳು ತಂದು ಮುಟ್ಟಿಸಬೇಕು. ಹೂವಿನ ವೈಭವವಿರುವುದು ಎರಡು ಮೂರು ದಿನ ಮಾತ್ರ. ಚಿತ್ರ ತೆಗೆಸಿಕೊಳ್ಳಲು ಚೆನ್ನಾಗಿರುತ್ತದೆಂದು ಅದೇ ದಿನಗಳಲ್ಲಿ ಅಲ್ಲಿ ಜನ ಸೇರಿಸಿ, ಹೊಗೆ ಎಬ್ಬಿಸಿ, ಸೊಳ್ಳೆಗೆಂದು ಔಷಧಿ ಹೊಡೆದರೆ ಜೇನ್ನೊಣ ದೂರ ಸರಿಯುತ್ತದೆ. ನಷ್ಟ ಅಂದು ಕಾಣುವುದಿಲ್ಲ, ಮುಂದಿನ ಕೊಯ್ಲಿನಲ್ಲಿ ಕಾಣುತ್ತದೆ.

ಅಡಿಕೆಯ ಮಾತೂ ಹೀಗೆಯೇ. ಮಾರ್ಚಿಯಿಂದ ಮೇವರೆಗೆ 3ರಿಂದ 5 ದಿನಕ್ಕೊಮ್ಮೆ ಮರವೊಂದಕ್ಕೆ ಸುಮಾರು 175 ಲೀಟರು ನೀರು ಬೇಕೆಂಬುದು ಸಂಶೋಧನಾ ಕೇಂದ್ರದ ಶಿಫಾರಸು. ನೀರು ತಪ್ಪಿದರೆ ಎಳೆಯ ಕಾಯಿ ಉದುರುತ್ತದೆ. ಇನ್ನು ಹಿಂಗಾರ. ಮಂಟಪದ ಸಿಂಗಾರಕ್ಕೆ ಅದಕ್ಕಿಂತ ಚೆಲುವಾದ ವಸ್ತುವಿಲ್ಲ, ಮಂಗಳಕಾರ್ಯಕ್ಕೆ ಒಂದೆರಡು ಕೊಯ್ಯುವುದು ಪದ್ಧತಿಯೇ. ಆದರೆ ಮರವೊಂದು ವರ್ಷಕ್ಕೆ ಕೊಡುವುದು ಕೆಲವೇ ಗೊನೆ. ಒಂದು ಹಿಂಗಾರ ಕೊಯ್ದರೆ ಒಂದು ಗೊನೆ ಹೋಯಿತೆಂದೇ ಲೆಕ್ಕ. ಬಾಡಿಗೆಗೆ ಬಂದ ಅಲಂಕಾರದವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಹೇಳಬೇಕಾದವರು ನಾವು.

3. ಜಾಗದ ಲೆಕ್ಕ, ನೀರಿನ ಲೆಕ್ಕ

ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ 60 ಅಡಿ ಉದ್ದ, 30 ಅಡಿ ಅಗಲದ ಚಪ್ಪರ ಹಾಕಿದರೆ ಸುಮಾರು 22 ಮರಗಳ ಬುಡ ಅದರೊಳಗೆ ಬರುತ್ತದೆ. ಅಡಿಕೆಯ ಬೇರುಗಳಲ್ಲಿ ಬಹುಪಾಲು ಬುಡದಿಂದ ಮೂರಡಿಯ ಸುತ್ತಿನೊಳಗೇ ಇರುತ್ತವೆ. ಕಾಫಿಯ ಆಹಾರ ಹೀರುವ ಬೇರುಗಳಂತೂ ಮೇಲಿನ ಒಂದಡಿ ಮಣ್ಣಿನಲ್ಲಿಯೇ ಹರಡಿರುತ್ತವೆ. ನೂರಾರು ಕಾಲುಗಳು ತುಳಿದು, ಕುರ್ಚಿ, ಮೇಜು, ವಾಹನಗಳ ಭಾರ ಬಿದ್ದರೆ ಮಣ್ಣು ಗಟ್ಟಿಯಾಗಿ ಗಾಳಿ, ನೀರು ಇಳಿಯದಂತಾಗುತ್ತದೆ. ವಾಹನ ನಿಲ್ಲಿಸಲೆಂದು ತೆಂಕಣ, ಪಡುವಣ ಅಂಚಿನ ನೆರಳು ಮರ ಕಡಿಯುವುದು ಇನ್ನೂ ದೊಡ್ಡ ತಪ್ಪು. ಇಳಿಬಿಸಿಲು ನೇರವಾಗಿ ಬಡಿದು ಅಡಿಕೆ ಮರದ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕೆ ಮದ್ದಿಲ್ಲ.

ನೀರಿನ ಲೆಕ್ಕವನ್ನೂ ಹಾಕೋಣ. ಅಡುಗೆ, ಕುಡಿಯಲು, ಕೈ ತೊಳೆಯಲು, ಪಾತ್ರೆ ತಿಕ್ಕಲು, ಶೌಚಕ್ಕೆ ಎಲ್ಲ ಸೇರಿ ತಲೆಗೆ 25 ಲೀಟರು ಎಂದು ಹಿಡಿಯೋಣ. 300 ಜನಕ್ಕೆ 7,500 ಲೀಟರಾಯಿತು. ಇದು 43 ಅಡಿಕೆ ಮರಗಳ ಒಂದು ಸಲದ ನೀರು. ತುಂಬಿದ ಕೆರೆ ಇದ್ದವರಿಗೆ ಇದು ಹೆಚ್ಚಲ್ಲ. ಆದರೆ ಏಪ್ರಿಲಿನಲ್ಲಿ ತಳ ಕಂಡ ಬಾವಿಯವರು, ದಿನಕ್ಕೆ ಕೆಲವೇ ಗಂಟೆ ಕರೆಂಟು ಸಿಗುವವರು ಈ ನೀರನ್ನು ಯಾವ ದಿನದ ಪಾಳಿಯಿಂದ ತೆಗೆಯುತ್ತೇವೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಒಂದು ಎಕರೆಗೆ 25 ಮಿಲಿಮೀಟರು ತುಂತುರು ನೀರು ಕೊಡಲು ಸುಮಾರು ಒಂದು ಲಕ್ಷ ಲೀಟರು ಬೇಕೆಂಬುದನ್ನು ಕಾಫಿ ಬೆಳೆಗಾರರು ಮರೆಯಬಾರದು. ಹೂನೀರು, ಬ್ಯಾಕಿಂಗ್ ನೀರು ಕೊಡಬೇಕಾದ ವಾರದಲ್ಲಿ ಸಮಾರಂಭ ಬಿದ್ದರೆ ಎರಡೂ ಕೆಡುತ್ತವೆ.

4. ಬೆಂಕಿಯ ಭಯ

ಎಲ್ಲಕ್ಕಿಂತ ದೊಡ್ಡ ಅಪಾಯ ಬೆಂಕಿಯದು. ತೋಟದ ನೆಲದ ಮೇಲೆ ಹಾಸಿದ ತರಗೆಲೆ, ಸೋಗೆ ಬೇಸಿಗೆಯಲ್ಲಿ ತೇವ ಕಾಯುತ್ತವೆ. ಅವನ್ನು ಹಾಗೆಯೇ ಬಿಟ್ಟರೆ ಒಂದು ಕಿಡಿ ಸಾಕು. ಗುಡಿಸಿ ತೆಗೆದರೆ ನೆಲ ಒಣಗುತ್ತದೆ. ತೋಟದೊಳಗೆ ಸಮಾರಂಭ ಇಟ್ಟುಕೊಂಡವನಿಗೆ ಈ ಇಕ್ಕಟ್ಟಿನಿಂದ ಪಾರಾಗುವ ದಾರಿಯಿಲ್ಲ.

2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದಲ್ಲಿ ಮದುವೆಯೊಂದರ ಗರಿಯ ಚಪ್ಪರಕ್ಕೆ ಬೆಂಕಿ ಹತ್ತಿ ಮದುಮಗನೂ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ವಿಡಿಯೋ ದೀಪದ ವಿದ್ಯುತ್ ತಂತಿಯಿಂದ ಹಾರಿದ ಕಿಡಿಯೇ ಅದಕ್ಕೆ ಕಾರಣವೆಂದು ಆಗ ವರದಿಯಾಯಿತು. 2016ರ ಏಪ್ರಿಲ್ 10ರಂದು ಕೇರಳದ ಕೊಲ್ಲಂ ಬಳಿಯ ಪುಟ್ಟಿಂಗಲ್ ದೇವಸ್ಥಾನದಲ್ಲಿ ಸಿಡಿಮದ್ದಿನ ದುರಂತಕ್ಕೆ ನೂರಕ್ಕೂ ಹೆಚ್ಚು ಜನ ಬಲಿಯಾದರು. ಎರಡೂ ಸಂತೋಷಕ್ಕೆಂದು ಸೇರಿದ ಜನ. ನಮ್ಮ ಸೋಗೆಯ ಚಪ್ಪರ ಶ್ರೀರಂಗದ ಗರಿಯ ಚಪ್ಪರಕ್ಕಿಂತ ಕಡಿಮೆ ಉರಿಯುವ ವಸ್ತುವೇನಲ್ಲ.

ಹೆಜ್ಜೇನಿನ ಮಾತೂ ಇದಕ್ಕೆ ಸೇರಿದ್ದೇ. ಬೇಸಿಗೆಯಲ್ಲಿ ಎತ್ತರದ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಒಲೆಯ ಹೊಗೆ, ಪಟಾಕಿಯ ಸದ್ದು ತಾಗಿದರೆ ಅದು ಏಳುವುದು ನಮಗೆಲ್ಲ ತಿಳಿದ ಸಂಗತಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು, ಸಿಡಿಲು ಸಾಮಾನ್ಯ. ಆಗ ಸಿಲ್ವರ್ ಓಕಿನಂಥ ಎತ್ತರದ ಮರದಡಿ ಜನ ನಿಲ್ಲುವುದು ಜೀವಕ್ಕೇ ಅಪಾಯ.

5. ಹಾಗಾದರೆ ಮಾಡುವುದೇನು?

ಜಕ್ಕಲಿಯ ಕ್ರಮವನ್ನು ನಮ್ಮ ನೆಲಕ್ಕೆ ಹೊಂದಿಸಿಕೊಳ್ಳುವುದು. ನಮಗೂ ಕಣವಿದೆ. ಕಾಫಿ ಒಣಗಿಸುವ ಕಣ, ಅಡಿಕೆ ಹರಡುವ ಅಂಗಳ ಇವು ನಮ್ಮ ಕಣಗಳು. ಅಲ್ಲಿ ಬೇರಿಲ್ಲ, ತರಗೆಲೆಯಿಲ್ಲ, ನೆಲ ಗಟ್ಟಿ. ಮಗ್ಗುಲಲ್ಲಿ ತೋಟದ ತಂಪು ಇದ್ದೇ ಇದೆ. ಚಾಲಿ ಅಡಿಕೆ ಒಣಗಲು 35-45 ದಿನ ಬೇಕು. ಕೊನೆಯ ಕೊಯ್ಲಿನ ಮಾಲು ಎತ್ತುವ ದಿನವನ್ನು ಮೊದಲು ಗೊತ್ತು ಮಾಡಿ, ಆಮೇಲೆ ಮುಹೂರ್ತ ನೋಡಿಸಿರಿ. ಪುರೋಹಿತರು ನಾಲ್ಕು ದಿನ ತೋರಿಸಿದರೆ ತೋಟಕ್ಕೆ ಹೊಂದುವ ದಿನ ಆರಿಸುವುದು ನಮ್ಮ ಕೈಯಲ್ಲಿದೆ. ಇದರ ಜೊತೆಗೆ ಕೆಳಗಿನ ಸಂಗತಿಗಳನ್ನು ಪಾಲಿಸಬೇಕು:

(ಅ) ಅಡುಗೆಯ ಒಲೆ ಚಪ್ಪರದಿಂದ ಕನಿಷ್ಠ 30 ಅಡಿ ದೂರ, ಗಾಳಿ ಬೀಸುವ ದಿಕ್ಕು ನೋಡಿ ಇರಲಿ. ಕಣದ ಸುತ್ತ ಹತ್ತು ಅಡಿ ಪಟ್ಟಿ ಮಾತ್ರ ತರಗು ಗುಡಿಸಿರಿ.

(ಆ) ಜನರೇಟರು ಚಪ್ಪರದ ಹೊರಗಿರಲಿ. ಸೋಗೆಗೆ ತಂತಿ, ದೀಪ ತಾಗಬಾರದು. ತಂತಿಯ ಕೆಲಸ ಬಲ್ಲವರಿಂದಲೇ ಆಗಲಿ.

(ಇ) ಚಪ್ಪರಕ್ಕೆ ಎರಡು ಕಡೆ ಅಗಲವಾದ ಬಾಗಿಲು. ನಾಲ್ಕು ಡ್ರಮ್ಮು ನೀರು, ಬಕೆಟ್ಟು, ಮರಳು. ಪಂಪು ನಡೆಸಬಲ್ಲ ಒಬ್ಬ ಮನುಷ್ಯ ಕೊನೆಯ ಅತಿಥಿ ಹೋಗುವವರೆಗೂ ಅಲ್ಲಿರಲಿ. ಸಿಡಿಮದ್ದು ಬೇಡವೇ ಬೇಡ.

(ಈ) ಊಟ ಬಾಳೆ ಎಲೆಯಲ್ಲಿ ಆಗಲಿ, ನೀರು ಲೋಟದಲ್ಲಿ ಕೊಡಿರಿ. ಪ್ಲಾಸ್ಟಿಕ್ಕು, ಥರ್ಮೋಕೋಲು ಒಮ್ಮೆ ಗೊಬ್ಬರದ ಗುಂಡಿಗೆ ಬಿದ್ದರೆ ವರ್ಷಗಟ್ಟಲೆ ತೋಟದಲ್ಲಿ ಉಳಿಯುತ್ತವೆ.

(ಉ) ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಮಿತಿ ಹಾಕಿವೆ. ಬಯಲಾಟವಿದ್ದರೆ ಮೊದಲೇ ಅನುಮತಿ ಪಡೆಯಿರಿ.

(ಊ) ತೋಟದ ಕೆಲಸಗಾರರಿಗೆ ಅಂದು ದುಪ್ಪಟ್ಟು ಕೆಲಸ. ಅವರಿಗೂ ಹೊತ್ತಿಗೆ ಸರಿಯಾಗಿ ಎಲೆ ಹಾಕಿಸಿ ಊಟ ಬಡಿಸುವುದು ಯಜಮಾನನ ಹೊಣೆ.

ಬಾಡಿಗೆಗೆ ಜಾಗ ಕೊಡುವವರಿಗೆ ಇನ್ನೆರಡು ಮಾತು. ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳ ಅಪ್ಪಣೆ ಬೇಕಾಗುತ್ತದೆ. ಆ ಬಾಡಿಗೆ ಕೃಷಿ ಆದಾಯವಲ್ಲ. ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಬಾಡಿಗೆ ಗೊತ್ತು ಮಾಡುವಾಗ ನೀರು, ಶುಚಿಗೊಳಿಸುವ ಕೂಲಿ, ತುಳಿತದ ನಷ್ಟ ಇವನ್ನೆಲ್ಲ ಕಳೆದು ಉಳಿಯುವುದೆಷ್ಟು ಎಂದು ಕಾಗದದ ಮೇಲೆ ಬರೆದು ನೋಡಿರಿ.

6. ಮುಯ್ಯಾಳಿನ ಮಾತು

ಹಿಂದೆ ಒಬ್ಬರ ಮನೆಯ ಚಪ್ಪರಕ್ಕೆ ಊರಿನವರೆಲ್ಲ ಕಂಬ, ಸೋಗೆ ಹೊತ್ತು ತರುತ್ತಿದ್ದರು. ನೆರೆಯವರ ಮನೆಯಲ್ಲಿ ಮದುವೆಯೆಂದರೆ ನಮ್ಮ ಪಾಳಿಯ ನೀರನ್ನು ಒಂದು ದಿನ ಅವರಿಗೆ ಬಿಟ್ಟುಕೊಡುತ್ತಿದ್ದೆವು. ಸಹಕಾರ ತತ್ವವನ್ನು ನಾವು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಹಿರಿಯರು ಚಪ್ಪರದಡಿ ಕಲಿತಿದ್ದರು. ದುಡ್ಡು ಕೊಟ್ಟರೆ ಎಲ್ಲವೂ ಲಾರಿಯಲ್ಲಿ ಬಂದಿಳಿಯುವ ಈ ಕಾಲದಲ್ಲಿ ನೆರೆಯವನು ಬರಿಯ ಅತಿಥಿಯಾಗಿ ಬಂದು, ಉಂಡು ಹೋಗುತ್ತಾನೆ. ಆದರೆ ತೋಟಕ್ಕೆ ಬೆಂಕಿ ಹತ್ತಿದ ದಿನ ಸೊಪ್ಪಿನ ಗೊಂಚಲು ಹಿಡಿದು ಮೊದಲು ಓಡಿ ಬರುವವನು ಅವನೇ. ಅವನಿಗೆ ಸಮಾರಂಭದ ದಿನವನ್ನು ಮುಂದಾಗಿ ತಿಳಿಸಿ, ನೀರು, ದಾರಿ, ಸದ್ದಿನ ವಿಷಯದಲ್ಲಿ ಒಪ್ಪಿಗೆ ಪಡೆಯುವುದು ಬರಿಯ ಉಪಚಾರವಲ್ಲ.

ಅಗ್ನಿಶಾಮಕ ಸಾಧನ, ನೀರಿನ ಟ್ಯಾಂಕು, ದೊಡ್ಡ ಪಾತ್ರೆಗಳನ್ನು ಸಂಘದ ವತಿಯಿಂದ ಕೊಂಡಿಟ್ಟು, ಅಲ್ಪ ಬಾಡಿಗೆಗೆ ಸದಸ್ಯರಿಗೆ ಒದಗಿಸಬಹುದೇ ಎಂಬ ವಿಷಯವನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ಇಡಲಿದ್ದೇವೆ. ಅದಕ್ಕೆ ಮೊದಲು ಅಧ್ಯಯನ ಕೂಟಗಳಲ್ಲಿ ಕೆಳಗಿನ ಪ್ರಶ್ನೆಗಳನ್ನು ಚರ್ಚಿಸಿ ಬರಬೇಕಾಗಿ ವಿನಂತಿ.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಕಣ ಅಥವಾ ಅಂಗಳ ಯಾವ ತಿಂಗಳ ಯಾವ ವಾರದಲ್ಲಿ ಬರಿದಾಗುತ್ತದೆ?
2. ಏಪ್ರಿಲಿನಲ್ಲಿ ನಿಮ್ಮ ಬಾವಿ ಅಥವಾ ಕೆರೆಯಲ್ಲಿ ಒಂದು ದಿನಕ್ಕೆ ಸಿಗುವ ನೀರೆಷ್ಟು? 200 ಜನರ ಸಮಾರಂಭಕ್ಕೆ ಅದರಲ್ಲಿ ಎಷ್ಟು ಭಾಗ ಬೇಕಾಗುತ್ತದೆ?
3. ನಿಮ್ಮ ತೋಟಕ್ಕೆ ಬೆಂಕಿ ಹತ್ತಿದರೆ ನೀರಿನ ವಾಹನ ಬರಲು ದಾರಿಯಿದೆಯೇ? ಇಲ್ಲವಾದರೆ ನೆರೆಯವರೊಡನೆ ಸೇರಿ ಏನು ಮಾಡಬಹುದು?
4. ಸಂಘವು ಸದಸ್ಯರಿಗಾಗಿ ಯಾವ ಸಾಮಾನು ಕೊಂಡಿಡಬೇಕು?

ಕಾರ್ಯದರ್ಶಿ