ನೆಲವನ್ನು ಅಗೆಯುವ ಮುನ್ನ

ಜಾವಗಲ್ಲಿಗೆ ಹೋದವರು ಅಲ್ಲಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ನೋಡದೆ ಹಿಂದಿರುಗುವುದಿಲ್ಲ. ಹದಿಮೂರನೆಯ ಶತಮಾನದ ಆ ಹೊಯ್ಸಳ ಶಿಲ್ಪ ಕಣ್ಣಿಗೆ ಕಾಣುವಂಥದು. ಅದನ್ನು ಕಾಯಬೇಕೆಂಬ ಅರಿವೂ ನಮಗುಂಟು. ಆದರೆ ಹೊಯ್ಸಳರಿಗಿಂತ ಸುಮಾರು ಮೂರು ಸಾವಿರ ವರ್ಷ ಹಿಂದೆ ಕನ್ನಡ ನಾಡಿನಲ್ಲಿ ಬೇಸಾಯ ಮಾಡಿದವರು ಶಾಸನವನ್ನು ಬರೆಯಿಸಲಿಲ್ಲ. ಅವರ ಚರಿತ್ರೆ ಉಳಿದಿರುವುದು ಮಣ್ಣಿನಲ್ಲಿ. ಆ ಮಣ್ಣನ್ನೇ ರಸ್ತೆಗೋ ಬಡಾವಣೆಗೋ ಅಗೆಯಬೇಕಾಗಿ ಬಂದರೆ ಮಾಡತಕ್ಕದ್ದೇನು?

ಪುರಾತತ್ತ್ವಜ್ಞರು ಇದಕ್ಕೆ ಕಂಡುಕೊಂಡ ಉಪಾಯ ಪರೀಕ್ಷಾ ಕಂದಕ. ಒಂದು ಹೆಕ್ಟೇರ್ ಹೊಲದಲ್ಲಿ 20 ಮೀಟರ್ ಉದ್ದ, 2 ಮೀಟರ್ ಅಗಲದ ಹತ್ತು ಕಂದಕಗಳನ್ನು ತೋಡಿದೆವೆನ್ನೋಣ. ತೆರೆದ ನೆಲ 400 ಚದರ ಮೀಟರ್. ಅಂದರೆ ನೂರರಲ್ಲಿ ನಾಲ್ಕು ಪಾಲು ಮಾತ್ರ. ಉತ್ತ ಮೇಲ್ಮಣ್ಣನ್ನು ತೆಗೆದು, ಕೆಳಗಿನ ನೆಲವನ್ನು ನಯವಾಗಿ ಕೆರೆಯುತ್ತಾರೆ. ಹಿಂದೆ ಯಾರಾದರೂ ಅಲ್ಲಿ ಕಂಬ ನೆಟ್ಟಿದ್ದರೆ, ಆ ಕುಳಿ ಮುಚ್ಚಿಹೋಗಿದ್ದರೂ ಅದರ ಮಣ್ಣಿನ ಬಣ್ಣ ಬೇರೆಯಾಗಿ ತೋರುತ್ತದೆ. ಕಂದಕದ ಗೋಡೆಯಲ್ಲಿ ಪದರಗಳು ಕಾಣುತ್ತವೆ. ನೆಲ ಕಲಕಿರದಿದ್ದರೆ ಕೆಳಗಿನ ಪದರವೇ ಹಳೆಯದು. ಈ ನಿಯಮವನ್ನು ಅನುಸರಿಸಿಯೇ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಕಲ್ಲುಕೊಡಲಿಯ ಜನ ಮೊದಲು, ಬೃಹತ್ ಶಿಲಾಗೋರಿಗಳ ಜನ ಅನಂತರ ಎಂಬ ಪೂರ್ವಾಪರವನ್ನು ನಿರ್ಧರಿಸಿದರು.

ಇಂಥ ನೆಲ ಕೈತಪ್ಪಿದರೆ ನಷ್ಟವೇನೆಂಬುದನ್ನು ಬಳ್ಳಾರಿಯ ಬಳಿಯ ಸಂಗನಕಲ್ಲಿನಲ್ಲಿ ಕಾಣಬಹುದು. ಬಿ. ಸುಬ್ಬರಾವ್ ಅವರು ಹಿಂದೆ ಅಲ್ಲಿ ಉತ್ಖನನ ನಡೆಸಿದ್ದರು. ಮುಂದೆ ಕಲ್ಲುಗಣಿಗಾರಿಕೆ ಆ ಬೆಟ್ಟಗಳನ್ನು ಕರಗಿಸತೊಡಗಿತು. ಆಗ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಅಲ್ಲಿ ಮತ್ತೆ ಶೋಧನೆ ಕೈಗೊಂಡರು. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ. ಸುಟ್ಟು ಕರಿಯಾದ ಕಾಳು ತೇಲುತ್ತದೆ. ಅದನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿಯುತ್ತಾರೆ. ಹೀಗೆ ದೊರೆತವು ಹುರುಳಿ, ಹೆಸರು, ಕೊರಲೆ. ಇಂಗಾಲ-14ರ ಅರ್ಧಾಯುಷ್ಯ ಸುಮಾರು 5730 ವರ್ಷ. ಕಾಳಿನಲ್ಲಿ ಅದು ಎಷ್ಟು ಉಳಿದಿದೆಯೆಂದು ಅಳೆದು ಕಾಲವನ್ನು ಲೆಕ್ಕಹಾಕಬಹುದು. ಇಂದು ನಾವು ಉಣ್ಣುವ ಹುರುಳಿ ಮೂರೂವರೆ ಸಾವಿರ ವರ್ಷ ಹಿಂದೆಯೂ ಈ ನಾಡಿನ ಆಹಾರವಾಗಿತ್ತೆಂಬುದು ಇಂಥ ಕಾಳುಗಳಿಂದ ತಿಳಿದ ಸಂಗತಿ. ಗಣಿ ಮುಂದಾಗಿ, ಜರಡಿ ಹಿಂದುಳಿದ ಕಡೆ ಇಂಥ ಸಾಕ್ಷ್ಯ ದೊರೆಯುವುದಿಲ್ಲ.

1958ರ ಪುರಾತನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಪಟ್ಟಿಯಲ್ಲಿಲ್ಲದ ಹೊಲಕ್ಕೆ ಆ ರಕ್ಷೆಯಿಲ್ಲ. ಇಂಗ್ಲೆಂಡಿನಲ್ಲಾದರೋ, ಕಟ್ಟಡಕ್ಕೆ ಅನುಮತಿ ನೀಡುವ ಮುನ್ನವೇ ನೆಲವನ್ನು ಪರೀಕ್ಷಿಸುವ ಪದ್ಧತಿ 1990ರಿಂದ ನೆಲೆಗೊಂಡಿದೆ.

ಬಾವಿ ತೋಡುವಾಗಲೋ ಬದು ಕಡಿಯುವಾಗಲೋ ಬೂದಿಯ ಪದರ, ಮಡಕೆಯ ಚೂರು, ನುಣುಪಾದ ಕಲ್ಲುಕೊಡಲಿ ಕಂಡರೆ ವಿದ್ಯಾರ್ಥಿಗಳಾದ ನಾವು ಅದನ್ನು ಕೀಳಬಾರದು. ಸ್ಥಳವನ್ನೂ ಆಳವನ್ನೂ ಗುರುತುಮಾಡಿಕೊಂಡು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಪದರದೊಳಗಿರುವ ಕೊಡಲಿ ತನ್ನ ಕಾಲವನ್ನು ಹೇಳುತ್ತದೆ. ಕಿತ್ತು ಮನೆಗೆ ತಂದ ಕೊಡಲಿ ಬರಿಯ ಕಲ್ಲು.