ಕಿಟಕಿಯ ಕರಾರು

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ತಳಕು ಎಂಬ ಊರಿದೆ. ವಿದ್ವಾಂಸರಾದ ಟಿ. ಎಸ್. ವೆಂಕಣ್ಣಯ್ಯನವರ ಮತ್ತು ಕಾದಂಬರಿಕಾರರಾದ ತ. ರಾ. ಸುಬ್ಬರಾಯರ ಹೆಸರುಗಳ ಮೊದಲ ಅಕ್ಷರ ಈ ಊರಿನದು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಶೇಂಗಾ ಮುಖ್ಯವಾದ ಬೆಳೆ. ಮಳೆ ಕೈಕೊಟ್ಟ ವರ್ಷ ರೈತನಿಗೆ ಬೆಳೆಸಾಲ, ಬೆಳೆವಿಮೆಗಳೂ ಅವನ ಮಕ್ಕಳಿಗೆ ವಿದ್ಯಾರ್ಥಿವೇತನವೂ ಆಸರೆಯಾಗುತ್ತವೆ. ಇವುಗಳನ್ನು ಪಡೆಯಲು ಹೊಲದ ಪಹಣಿಯೂ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳೂ ಬೇಕು. ತಳಕು ಹೋಬಳಿ ಕೇಂದ್ರವಾದುದರಿಂದ ಸುತ್ತಣ ಹಳ್ಳಿಗಳ ಜನರು ಇಲ್ಲಿಯ ನಾಡಕಚೇರಿಗೆ ಬರುತ್ತಾರೆ.

ಕಚೇರಿಯೊಂದರ ಕಿಟಕಿಯನ್ನು ನೆನೆಯಿರಿ. ಹೊರಗೆ ನಿಂತವನಿಗೆ ತನ್ನ ಕಡತ ಯಾವ ಬೀರುವಿನಲ್ಲಿದೆ ಎಂದು ತಿಳಿಯಬೇಕಾಗಿಲ್ಲ. ತಾನು ಏನನ್ನು ತರಬೇಕು, ಎಷ್ಟು ಶುಲ್ಕ ಕೊಡಬೇಕು, ಪ್ರತಿಯಾಗಿ ಏನು ದೊರೆಯುವುದು, ಎಂದು ದೊರೆಯುವುದು ಎಂಬಿಷ್ಟು ತಿಳಿದರೆ ಸಾಕು. ಒಳಗಿನವರು ಬೀರುಗಳನ್ನು ಬದಲಿಸಬಹುದು. ಆದರೆ ಕಿಟಕಿಯಲ್ಲಿ ಕೊಟ್ಟ ಮಾತು ಬದಲಾಗಬಾರದು. ಗಣಕಯಂತ್ರಗಳ ನಡುವೆಯೂ ಇಂಥ ಒಂದು ಕಿಟಕಿ ಇರುತ್ತದೆ. ಅದಕ್ಕೆ ಸೇವೆಯ ಇಂಟರ್‌ಫೇಸ್ ಎಂದು ಹೆಸರು. ಕೇಳುವ ತಂತ್ರಾಂಶಕ್ಕೂ ದಾಖಲೆಗಳನ್ನು ಇಟ್ಟುಕೊಂಡಿರುವ ಸರ್ವರ್‌ಗೂ ನಡುವೆ ಆಗಿರುವ ಕರಾರೇ ಅದು.

ನಮ್ಮ ರಾಜ್ಯದಲ್ಲಿ ಇದರ ಅಗತ್ಯ ಹೇಗೆ ಬಂದಿತೆಂಬುದನ್ನು ನೋಡೋಣ. ಒಂದು ಕಾಲಕ್ಕೆ ಪಹಣಿಗಳು ಕೈಬರಹದಲ್ಲಿದ್ದು, ಸುಮಾರು 9000 ಗ್ರಾಮಲೆಕ್ಕಿಗರ ವಶದಲ್ಲಿದ್ದವು. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. 2002ರ ವೇಳೆಗೆ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪಹಣಿಯ ಪ್ರತಿ ದೊರೆಯತೊಡಗಿತು. ಮುಂದೆ ನಾಡಕಚೇರಿಯ ಪ್ರಮಾಣಪತ್ರಗಳೂ ಗಣಕಕ್ಕೆ ಬಂದವು. ಕ್ರಮೇಣ ಈ ಸೇವೆಗಳು ಅಂತರ್ಜಾಲದ ಮೂಲಕ ಮನೆಗೇ ತಲುಪಿದವು.

ಮೊದಲಿನ ಜಾಲತಾಣಗಳಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಇಡೀ ಪುಟವೇ ಮತ್ತೆ ಹೊಸದಾಗಿ ಬರಬೇಕಾಗಿತ್ತು. ಆಮೇಲೆ ಪುಟವೇ ಒಂದು ತಂತ್ರಾಂಶದಂತೆ ಕೆಲಸಮಾಡುತ್ತ, ಬೇಕಾದ ಅಂಶವನ್ನಷ್ಟೇ ಸರ್ವರ್‌ನಿಂದ ತರಿಸಿಕೊಳ್ಳುವ ವಿಧಾನ ಬಳಕೆಗೆ ಬಂದಿತು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಎಂಬಾತನು ಇದಕ್ಕೆ ‘ಅಜಾಕ್ಸ್’ ಎಂದು ಹೆಸರಿಟ್ಟನು. ಪಹಣಿಯನ್ನು ಹುಡುಕುವ ರೀತಿಯನ್ನೇ ಗಮನಿಸಿರಿ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಹೀಗೆ ಒಂದೊಂದನ್ನೇ ಆರಿಸುತ್ತ ಹೋಗಬೇಕು. ಚಿತ್ರದುರ್ಗವನ್ನು ಆರಿಸಿದಾಗ ಆ ಜಿಲ್ಲೆಯ ತಾಲ್ಲೂಕುಗಳ ಪಟ್ಟಿಯೂ ಚಳ್ಳಕೆರೆಯನ್ನು ಆರಿಸಿದಾಗ ಅಲ್ಲಿಯ ಹೋಬಳಿಗಳ ಪಟ್ಟಿಯೂ ಬಂದರೆ ಸಾಕು. ರಾಜ್ಯದ ಎಲ್ಲ ಗ್ರಾಮಗಳ ಹೆಸರನ್ನು ಒಮ್ಮೆಗೇ ಕಳಿಸಿದರೆ ಮೊಬೈಲಿಗೆ ಅದು ದೊಡ್ಡ ಹೊರೆ. ಒಂದೊಂದು ಹೆಸರಿಗೂ ಒಂದೊಂದು ಪ್ರಶ್ನೆ ಹೋಗುವಂತೆ ಮಾಡಿದರೆ ಸಂಪರ್ಕ ದುರ್ಬಲವಾದ ಊರಿನಲ್ಲಿ ಕಾಯುವುದೇ ಕೆಲಸವಾಗುತ್ತದೆ. ಆದುದರಿಂದ ಪ್ರಶ್ನೆ ಹಾಗೂ ಉತ್ತರಗಳ ಅಳತೆಯನ್ನು ನಿರ್ಧರಿಸುವುದೇ ವಿನ್ಯಾಸಕಾರನ ಮೊದಲ ಕರ್ತವ್ಯ.

ಸರ್ವರ್ ಕಳಿಸುವ ಉತ್ತರ ಸಿಂಗರಿಸಿದ ಪುಟವಾಗಿರದೆ ಬರಿಯ ಮಾಹಿತಿಯಾಗಿದ್ದರೆ ಮತ್ತೊಂದು ಪ್ರಯೋಜನವುಂಟು. ಅದೇ ಉತ್ತರವನ್ನು ಮೊಬೈಲು, ಕಚೇರಿಯ ಗಣಕ, ಬೇರೊಂದು ಇಲಾಖೆಯ ತಂತ್ರಾಂಶ ಎಲ್ಲವೂ ಬಳಸಬಹುದು. ನೀವು ಬಲ್ಲ ಉದಾಹರಣೆಯೇ ಇದೆ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕುವಾಗ, ಪ್ರಮಾಣಪತ್ರದ ಮೇಲಿರುವ ‘ಆರ್‌ಡಿ’ ಎಂದು ಮೊದಲಾಗುವ ಸಂಖ್ಯೆಯನ್ನು ನಮೂದಿಸುತ್ತೀರಿ. ಆಗ ಒಂದು ತಂತ್ರಾಂಶವು ಇನ್ನೊಂದರ ಕಿಟಕಿಗೆ ಹೋಗಿ ನಿಮ್ಮ ಪರವಾಗಿ ವಿಚಾರಿಸುತ್ತದೆ.

ಈಗ ತಳಕಿನ ಒಬ್ಬ ವಿದ್ಯಾರ್ಥಿನಿ ಅರ್ಜಿ ಸಲ್ಲಿಸುತ್ತಿದ್ದಾಳೆಂದು ಭಾವಿಸೋಣ. ಪ್ರಮಾಣಪತ್ರದಲ್ಲಿರುವ ಅವಳ ಹೆಸರಿಗೂ ಶಾಲೆಯ ದಾಖಲೆಯ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದೆ. ಪರದೆಯ ಮೇಲೆ ‘ದೋಷ’ ಎಂದಷ್ಟೇ ಮೂಡಿದರೆ ಅವಳು ಏನು ಮಾಡಬೇಕು? ತಪ್ಪು ಸಂಖ್ಯೆಯಲ್ಲಿದೆಯೋ, ಹೆಸರಿನಲ್ಲಿದೆಯೋ, ಅಥವಾ ಸರ್ವರೇ ಕೆಟ್ಟು ನಿಂತಿದೆಯೋ ಅವಳಿಗೆ ತಿಳಿಯದು. ತಂದೆ ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕಾಗುತ್ತದೆ. ಅಷ್ಟರಲ್ಲಿ ಕೊನೆಯ ದಿನಾಂಕ ಮೀರಿಹೋಗಲೂಬಹುದು. ಅಂತರ್ಜಾಲದ ನಿಯಮಗಳಲ್ಲಿಯೇ ಈ ಭೇದಕ್ಕೆ ಅವಕಾಶವಿದೆ. 404 ಎಂಬ ಸಂಕೇತವು ಕೇಳಿದ್ದು ಸಿಕ್ಕಲಿಲ್ಲವೆಂದೂ 500 ಎಂಬುದು ಸರ್ವರ್‌ನ ಒಳಗೇ ತೊಂದರೆಯಾಗಿದೆಯೆಂದೂ ಸೂಚಿಸುತ್ತದೆ. ಒಳ್ಳೆಯ ಇಂಟರ್‌ಫೇಸ್ ಇಷ್ಟಕ್ಕೇ ನಿಲ್ಲದೆ, ಯಾವ ಅಂಶ ತಾಳೆಯಾಗಲಿಲ್ಲ, ಅದನ್ನು ಎಲ್ಲಿ ತಿದ್ದಿಸಬೇಕು ಎಂಬುದನ್ನೂ ತಿಳಿಸುತ್ತದೆ.

ಇನ್ನೊಂದು ಸಂದರ್ಭವನ್ನು ಯೋಚಿಸಿರಿ. ‘ಸಲ್ಲಿಸು’ ಎಂದು ಒತ್ತಿದ ಕೂಡಲೆ ಸಂಪರ್ಕ ಕಡಿಯಿತು. ಅರ್ಜಿ ತಲುಪಿತೋ ಇಲ್ಲವೋ ತಿಳಿಯದು. ಮತ್ತೆ ಒತ್ತಿದರೆ ಎರಡು ಅರ್ಜಿಗಳಾಗಬಾರದು. ಶುಲ್ಕವಿದ್ದರೆ ಎರಡು ಬಾರಿ ಕಳೆಯಬಾರದು. ಇದಕ್ಕಾಗಿ ಅರ್ಜಿಗೆ ಮೊದಲೇ ಒಂದು ಗುರುತಿನ ಸಂಖ್ಯೆಯನ್ನು ಕೊಡಬೇಕು. ಅದೇ ಸಂಖ್ಯೆ ಎರಡನೆಯ ಸಲ ಬಂದಾಗ ಸರ್ವರ್ ಹೊಸ ಅರ್ಜಿಯನ್ನು ಸೃಷ್ಟಿಸದೆ ಹಳೆಯದರ ಸ್ಥಿತಿಯನ್ನೇ ಮರಳಿ ಹೇಳಬೇಕು.

ಕಿಟಕಿಯು ಕೇಳಿದವರಿಗೆಲ್ಲ ಎಲ್ಲವನ್ನೂ ಹೇಳಲಾಗದು. ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯದ ವಿವರ ಸಾಕಾದರೆ ಕುಟುಂಬದ ಬೇರೆ ಸಂಗತಿಗಳನ್ನು ಹೊರಗೆಡಹಬಾರದು. ಕೇಳುವವರು ಯಾರು, ಅವರಿಗೆ ಆ ಅಧಿಕಾರವಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹಾಗೆಯೇ, ಒಮ್ಮೆ ಮಾಡಿದ ಕರಾರನ್ನು ಹೇಳದೆ ಕೇಳದೆ ಬದಲಿಸಿದರೆ ಅದನ್ನು ನಂಬಿದ ಇತರ ತಂತ್ರಾಂಶಗಳು ಕೆಟ್ಟು ನಿಲ್ಲುತ್ತವೆ. ಬದಲಾವಣೆ ಅನಿವಾರ್ಯವಾದಾಗ, ಹಳೆಯದನ್ನು ಕೆಲವು ಕಾಲ ಉಳಿಸಿಕೊಂಡು ಹೊಸದನ್ನು ಅದರ ಪಕ್ಕದಲ್ಲಿ ತೆರೆಯುವುದು ಲೇಸು.

ತಂತ್ರಾಂಶವನ್ನು ರಚಿಸುವವರು ದೂರದ ನಗರದಲ್ಲಿರುತ್ತಾರೆ. ತಳಕಿನ ವಿದ್ಯಾರ್ಥಿನಿಯ ಮುಖವನ್ನು ಅವರು ಎಂದೂ ಕಾಣಲಾರರು. ಅವಳ ಕಷ್ಟವನ್ನು ಮುಂದಾಗಿ ಊಹಿಸಿ, ಅವಳಿಗೆ ಸಲ್ಲಬೇಕಾದ ಉತ್ತರವನ್ನು ಕರಾರಿನಲ್ಲಿಯೇ ಬರೆದಿಡುವುದು ಅವರ ಹೊಣೆ. ನಿಮ್ಮಲ್ಲಿ ಕೆಲವರು ನಾಳೆ ಇಂಥ ತಂತ್ರಾಂಶಗಳನ್ನು ರಚಿಸಬಹುದು. ಆಗ ಕಿಟಕಿಯ ಹೊರಗೆ ನಿಂತು ಕಾದವರನ್ನು ಮರೆಯದಿರಿ.